ಜುಲೈನವರೂ ಆಗಸ್ಟಿನವರೂ

ಜುಲೈ ಮೂವತ್ತೊಂದು, ಶುಕ್ರವಾರ, ಬೆಳಗ್ಗೆ ಏಳೂಕಾಲಿಗೆ ಗಿಲೇನ್ ದೆಲನ್ವಾ ಕ್ಯಾಂಪಿನ ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ನಿಂತು, ದೊಡ್ಡ ಪಾತ್ರೆಯೊಂದರ ತಳಕ್ಕೆ ಹತ್ತಿದ ಈರುಳ್ಳಿಯನ್ನು ಚಮಚದ ಬೆನ್ನಿನಿಂದ ಕೆರೆಯುತ್ತಿದ್ದರು. ನಾನು ನದಿಯ ನೀರಿನ ಉಷ್ಣಾಂಶ ನೋಡಿಕೊಂಡು ಮೇಲೆ ಬರುತ್ತಿದ್ದೆ. ಕ್ಯಾಂಪಿನ ಬಾಗಿಲಲ್ಲಿರುವ ಹಲಗೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ದಿನದ ಮೊದಲ ಕೆಲಸ.

"ಇವತ್ತು ಎಷ್ಟು?" ಎಂದು ಅವರು ತಲೆಯೆತ್ತದೆ ಕೇಳಿದರು.

"ಇಪ್ಪತ್ತೆರಡೂವರೆ."

"ನೋಡು, ನಾವು ಗಂಟು ಕಟ್ಟೋ ದಿನಕ್ಕೇ ನೀರು ಬಿಸಿಯಾಗುತ್ತೆ. ಆಗಸ್ಟಿನವರು ಬರ್ತಾರೆ ಅಂತ ನೀನೇ ರಾತ್ರಿ ಹೋಗಿ ಕಾಯಿಸ್ತೀಯಾ ಹೇಗೆ, ಕೋಳಿಮರಿ?"

ತಮಗಿಂತ ಚಿಕ್ಕವರೆಲ್ಲ ಅವರಿಗೆ ಕೋಳಿಮರಿಗಳೇ. ನನಗೆ ನಲವತ್ತಾರು. ಇಂಥ ಮಾತಾಡಿದ ಮೇಲೆ ಅವರು ತಾವೇ ಮೊದಲು ನಗುವುದು ವಾಡಿಕೆ. ಅಂದು ನಗಲಿಲ್ಲ. ಚಮಚ ಕೆಳಗಿಟ್ಟು, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, "ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಈ ಸಲ ಪೆಟ್ಟಿಗೆ ಯಾಕೆ ಖಾಲಿ ಇತ್ತು?" ಎಂದರು.

ಈ ಪ್ರಶ್ನೆಯನ್ನು ಅವರು ಜುಲೈ ಒಂದರಿಂದ ಬಾಯೊಳಗೇ ಇಟ್ಟುಕೊಂಡು ತಿರುಗುತ್ತಿದ್ದರು.

ನಮ್ಮ ಮೋಂರಿವೆಲ್ ಪುರಸಭೆಯ ಕ್ಯಾಂಪಿನಲ್ಲಿ ಬೇಸಿಗೆ ಎರಡು ಕುಲಗಳ ನಡುವೆ ಹಂಚಿಹೋಗಿದೆ. ಒಂದು ಜುಲೈನವರದು, ಇನ್ನೊಂದು ಆಗಸ್ಟಿನವರದು. ಅಪ್ಪ ಯಾವ ತಿಂಗಳಲ್ಲಿ ರಜೆ ಹಾಕುತ್ತಿದ್ದನೋ ಮಕ್ಕಳೂ ಅದೇ ತಿಂಗಳು ಹಾಕುತ್ತಾರೆ. ಜುಲೈನವರನ್ನು ಕೇಳಿದರೆ ಆಗಸ್ಟ್ ಎಂದರೆ ಕಣಜದ ಹುಳು, ಗುಡುಗು, ಗದ್ದಲ. ಆಗಸ್ಟಿನವರನ್ನು ಕೇಳಿದರೆ ಜುಲೈ ಎಂದರೆ ಕೊರೆಯುವ ನೀರು ಮತ್ತು ಕೆಂಪಾಗದ ಟೊಮೆಟೊ. ಒಂದೇ ಮರದ ನೆರಳು, ಒಂದೇ ಹುಲ್ಲು. ಒಲೆ ಇಡುವ ಚಪ್ಪಡಿ ಕಲ್ಲೂ ಒಂದೇ. ಆದರೆ ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ಬೆಳಗ್ಗೆ ಇವರು ಖಾಲಿ ಮಾಡುತ್ತಾರೆ, ಮಧ್ಯಾಹ್ನ ಅವರು ಬಂದು ಇಳಿಯುತ್ತಾರೆ. ನಡುವಿನ ಹೊತ್ತಿನಲ್ಲಿ ನಾನು ಕುಂಟೆ ಹಿಡಿದು ಎಲೆ ಎಳೆಯುತ್ತೇನೆ.

ಮೂಲೆಯ ಅಕ್ರೋಟು ಮರದ ಜಾಗಕ್ಕೆ ದೆಲನ್ವಾ ಕುಟುಂಬ ಬರತೊಡಗಿ ಇಪ್ಪತ್ತೆರಡು ವರ್ಷವಾಯಿತು. ಆಗ ಕ್ಯಾಂಪನ್ನು ನನ್ನ ಅಮ್ಮ ನೋಡಿಕೊಳ್ಳುತ್ತಿದ್ದಳು. ನಾನು ರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ, ರಜೆಗೆ ಬಂದು ಶೌಚಾಲಯದ ಚಾವಿಗಳ ಉಸ್ತುವಾರಿ ವಹಿಸುತ್ತಿದ್ದೆ. ಗಿಲೇನ್ ಉತ್ತರದ ಗಣಿ ಊರಿನವರು. ಕೆಂಪು ಇಟ್ಟಿಗೆಯ ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಹುಟ್ಟಿ, ಅದೇ ಸಾಲಿನಲ್ಲಿ ಮದುವೆಯಾಗಿ, ಶಾಲೆಯ ಊಟದ ಮನೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅವರೂರಿನ ಕಾಲುವೆಗೆ ಇಳಿದರೆ ಪಾದ ಕಾಣುತ್ತಿರಲಿಲ್ಲವಂತೆ. ಇಲ್ಲಿಗೆ ಬಂದ ಮೊದಲ ದಿನ ಮೊಣಕಾಲವರೆಗೆ ನದಿಗಿಳಿದು, ಬಗ್ಗಿ ನೋಡಿ, "ಎದ್ಮೊಂ, ನನ್ನ ಉಗುರು ಕತ್ತರಿಸಬೇಕಾಗಿದೆ!" ಎಂದು ದಡದಲ್ಲಿದ್ದ ಗಂಡನಿಗೆ ಕೂಗಿದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. ಮಗಳು ಸಾಂದ್ರಿನ್ ಇಲ್ಲೇ ಈಜು ಕಲಿತಳು. ಈಗ ಅವಳ ಮೂವರು ಮಕ್ಕಳು ಅದೇ ಬಂಡೆಯಿಂದ ಹಾರುತ್ತಾರೆ.

ಗಂಡ ಎದ್ಮೊಂ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯವರಾಗಿದ್ದರು. ಮಾತು ಕಡಿಮೆ, ಶಿಸ್ತು ಹೆಚ್ಚು. ಟೆಂಟಿನ ಗೂಟಗಳಿಗೆ ಅವರೊಬ್ಬರೇ ಅಧಿಪತಿ, ಹೆಂಡತಿಯೂ ಮುಟ್ಟುವಂತಿಲ್ಲ. ಅವರಿಗೆ ಲೋಕದಲ್ಲಿ ಒಂದೇ ಒಂದು ಭಯ, ಅದು ರಸ್ತೆಯ ಜಾಮ್. ಜುಲೈನವರೆಲ್ಲ ಉತ್ತರಕ್ಕೂ ಆಗಸ್ಟಿನವರೆಲ್ಲ ದಕ್ಷಿಣಕ್ಕೂ ಒಟ್ಟಿಗೆ ಹೊರಡುವ ಆ ಶನಿವಾರವನ್ನು ರೇಡಿಯೊದವರು ಕಪ್ಪು ಶನಿವಾರ ಎನ್ನುತ್ತಾರೆ. ವರ್ಷಗಳ ಹಿಂದೆ ಒಮ್ಮೆ ಎದ್ಮೊಂ ಅದರಲ್ಲಿ ಸಿಕ್ಕಿಬಿದ್ದಿದ್ದರು. ಅವರ ಮುಂದಿದ್ದ ಕಾರಿನವರು ರಸ್ತೆಯಲ್ಲೇ ಕುರ್ಚಿ ಹಾಕಿಕೊಂಡು ಇಸ್ಪೀಟು ಆಡಿ, ಎರಡು ಆಟ ಮುಗಿಸಿದ ಮೇಲೂ ಸಾಲು ಅಲುಗಲಿಲ್ಲವಂತೆ. ಆಮೇಲೆ ಅವರು ಒಂದು ಕಾನೂನು ಮಾಡಿದರು: ಸೂರ್ಯ ಹುಟ್ಟುವ ಮೊದಲೇ ವ್ಯಾನು ಗೇಟು ದಾಟಿರಬೇಕು. ಹಣೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲೇ ಗೂಟ ಕೀಳುತ್ತಾರೆ.

ಹೀಗಾಗಿ ಗಿಲೇನ್ ಆಗಸ್ಟಿನವರನ್ನು ನೋಡುವ ಸಂದರ್ಭವೇ ಬರಲಿಲ್ಲ. ಆದರೆ ಪರಿಚಯ ಬೇರೆ ದಾರಿಯಿಂದ ಆಯಿತು. ಮೊದಲ ವರ್ಷ ಅವರು ಬಟ್ಟೆ ಒಣಹಾಕುವ ಹಗ್ಗವನ್ನು ಮರದಲ್ಲೇ ಮರೆತುಹೋದರು. ಮರುವರ್ಷ ಬಂದಾಗ ಹಗ್ಗ ಅಲ್ಲೇ ಇತ್ತು, ಜೊತೆಗೆ ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪುಗಳು. ಆ ಜುಲೈ ಮುಗಿದಾಗ ಅವರು ಮರಕ್ಕೆ ಬಡಿದಿರುವ ಬ್ರೆಡ್ಡಿನ ಡಬ್ಬದಲ್ಲಿ ಉಪ್ಪು, ಎಣ್ಣೆ, ಒಂದು ಬಾಟಲಿ ಬಿಯರ್ ಇಟ್ಟು ಹೋದರು. ಆಗಸ್ಟಿನ ಕೊನೆಗೆ ಆ ಮನೆಯಾಕೆ ನನ್ನ ಅಮ್ಮನ ಬಳಿ ಬಂದು, ಚಳಿಗಾಲಕ್ಕೆ ತಡೆಯುವಂಥ ಜಾಗ ಕೇಳಿ, ಉಗ್ರಾಣದ ಹಳೆಯ ಮರದ ಪೆಟ್ಟಿಗೆಯಲ್ಲಿ ಒಣಗಿದ ಕೆಂಪು ಮೆಣಸಿನಕಾಯಿಯ ಸರವೊಂದನ್ನೂ ಕರಿ ಚೆರ್ರಿಯ ಜಾಮ್ ಒಂದು ಸೀಸೆಯನ್ನೂ ಇಟ್ಟು ಹೋದಳು. ಆ ಮನೆಯವರು ಪಶ್ಚಿಮ ಕರಾವಳಿಯ ಬಯೋನ್ ಕಡೆಯ ಬಾಸ್ಕ್ ಜನ. ಹುಟ್ಟಿದಾರಭ್ಯ ಖಾರ ಮುಟ್ಟದ ಗಿಲೇನ್ ಆ ಮೆಣಸಿನಕಾಯಿಯನ್ನು ಬಿಯರಿನಲ್ಲಿ ಬೇಯಿಸುವ ದನದ ಮಾಂಸದ ಸಾರಿಗೆ ಹಾಕಿ, ಕಣ್ಣೀರು ಸುರಿಸುತ್ತ ಎರಡನೆಯ ಸಲ ಬಡಿಸಿಕೊಂಡರು. ಅಲ್ಲಿಂದ ಅದು ನಡೆದೇ ಬಂತು. ಹೆಣೆದ ಬಿಸಿಪಾತ್ರೆ ಹಿಡಿ, ಶುಂಠಿ ಬ್ರೆಡ್ಡು, ಕಾಲು ಸರಿಮಾಡಿದ ಸ್ಟೂಲು, ಒಂದು ವರ್ಷ ಕೂಸಿನ ಉಣ್ಣೆಯ ಟೋಪಿ ಕೂಡ. ಆದರೆ ಒಂದಕ್ಷರ ಬರೆದು ಇಟ್ಟದ್ದಿಲ್ಲ. ಅವರ ಹೆಸರು, ವಿಳಾಸ ಬೇಕೇ ಎಂದು ನಾನು ಹಿಂದೆ ಕೇಳಿದ್ದೆ.

"ಬೇಡ ಮಾರಾಯ್ತಿ! ಹೆಸರು ಗೊತ್ತಾದ್ರೆ ಕ್ರಿಸ್ಮಸ್ ಕಾರ್ಡ್ ಕಳಿಸ್ಬೇಕಾಗುತ್ತೆ. ಆಮೇಲೆ ಅವರ ಸೊಂಟನೋವು ಹೇಗಿದೆ ಅಂತ ಕೇಳ್ಬೇಕಾಗುತ್ತೆ. ಇದೇ ಚೆನ್ನಾಗಿದೆ."

ಈ ವರ್ಷ ಜುಲೈ ಒಂದರಂದು ಎಂದಿನಂತೆ ಉಗ್ರಾಣಕ್ಕೆ ಬಂದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ಹಳೆಯ ವೃತ್ತಪತ್ರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. "ಓ" ಎಂದಷ್ಟೇ ಹೇಳಿ ಮುಚ್ಚಿದರು. ಆ ತಿಂಗಳಿಡೀ ಅವರ ಸಾರಿಗೆ ಖಾರ ಇರಲಿಲ್ಲ.

"ಯಾರಾದ್ರೂ ತೀರಿಕೊಂಡ್ರಾ?" ಎಂದು ಈಗ ಪಾತ್ರೆಯ ಕಟ್ಟೆಯ ಬಳಿ ಕೇಳಿದರು. "ಇಲ್ಲ ಅಂತ ಹೇಳು."

"ಇಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ನಾಳೆ ಮಧ್ಯಾಹ್ನ ಬರ್ತಾರೆ."

"ಹಾಗಾದ್ರೆ ಚೀಸ್ ಇಷ್ಟ ಆಗ್ಲಿಲ್ಲ."

"ಯಾವ ಚೀಸ್?"

"ಹೋದ ವರ್ಷ ಇಟ್ಟಿದ್ದೆನಲ್ಲ, ನಮ್ಮೂರಿಂದು. ಉಪ್ಪುನೀರಲ್ಲಿ ತೊಳೆದು ತೊಳೆದು ಮಾಗಿಸ್ತಾರಲ್ಲ, ಕಿತ್ತಳೆ ಬಣ್ಣದ್ದು. ಬೆಳಗಿನ ಕಾಫಿಗೆ ಅದ್ದಿ ತಿಂತೀವಿ. ಇಡೀ ಒಂದು ಇಟ್ಟಿದ್ದೆ."

"ಬ್ರೆಡ್ಡಿನ ಡಬ್ಬದಲ್ಲಿ ಏನೂ ಇರ್ಲಿಲ್ಲವಲ್ಲ?"

"ಆ ಬಿಸಿಲಲ್ಲಿ ಡಬ್ಬದಲ್ಲಿ ಇಡ್ತಾರಾ? ಕರಗಿ ಹೋಗಲ್ವಾ? ತಂಪಾಗಿರ್ಲಿ ಅಂತ ಬಿಸ್ಕತ್ತಿನ ಡಬ್ಬಿಗೆ ತೂತು ಹೊಡೆದು, ಅದರಲ್ಲಿಟ್ಟು, ಮರದ ಉತ್ತರಕ್ಕೆ ನೆಲದಲ್ಲಿ ಹೂತಿದ್ದೆ."

"ತೂತು ಯಾಕೆ?"

"ಚೀಸು ಉಸಿರಾಡ್ಬೇಕಲ್ಲ!"

ನಾನು ಕಟ್ಟೆಯ ಅಂಚು ಹಿಡಿದುಕೊಂಡೆ. ಹೋದ ವರ್ಷ ಆಗಸ್ಟಿನ ಎರಡನೆಯ ದಿನ ಅಕ್ರೋಟು ಮರದ ಜಾಗದವರು ಬಂದು ಚರಂಡಿ ಒಡೆದಿದೆ ಎಂದು ದೂರಿದ್ದರು. ನಾನು ಹೋಗಿ ಮೂಸಿದೆ, ಸಂದೇಹವೇ ಇರಲಿಲ್ಲ. ಪುರಸಭೆಯ ಇಬ್ಬರು ಬಂದು ಶೌಚಾಲಯದಿಂದ ಮರದವರೆಗೆ ಕೊಳವೆಯನ್ನು ಅಗೆದು ತೆಗೆದರು. ಕೊಳವೆ ಗಟ್ಟಿಮುಟ್ಟಾಗಿತ್ತು. ಪಕ್ಕದ ಜಾಗದ ಡಚ್ ದಂಪತಿ ಬೇರೆ ಸಾಲಿಗೆ ಹೋದರು. ಅಮೋನಿಯ, ಒಂದಿಷ್ಟು ಗಂಧಕ ಎಂದು ನಾನು ಮೂಗಿನಿಂದಲೇ ವಿಶ್ಲೇಷಣೆ ಮಾಡಿ, ಸತ್ತ ಹೆಗ್ಗಣ ಎಂದು ತೀರ್ಮಾನಿಸಿದ್ದೆ. ಮಳೆ ಬಂದ ಮೇಲೆ ವಾಸನೆ ತಾನಾಗಿ ಇಳಿಯಿತು.

ಇದನ್ನೆಲ್ಲ ಹೇಳಿದೆ. ಗಿಲೇನ್ ಬಾಯಿ ತೆರೆದುಕೊಂಡು ಕೇಳಿದರು. ನಗುತ್ತಾರೆಂದು ಕಾದೆ. ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಹಾಗಾದ್ರೆ ಅವಳಿಗೆ ಚೀಸ್ ಸಿಗ್ಲೇ ಇಲ್ಲ. ನಾನು ಏನೂ ಇಡ್ಲಿಲ್ಲ ಅಂದ್ಕೊಂಡಿದ್ದಾಳೆ. ಇವರಿಗೆ ಸಾಕಾಗಿದೆ, ನಾವೂ ಸುಮ್ಮನಾಗೋಣ ಅಂತ... ಆದರೆ ಗುರುತಿಗೆ ಗೂಟ ನೆಟ್ಟಿದ್ನಲ್ಲ! ಕಣ್ಣು ಕುಕ್ಕೋ ಹಾಗೆ ಕೆಂಪು ಪಟ್ಟಿ ಕಟ್ಟಿದ್ದೆ. ಅದು ಕಾಣ್ಲಿಲ್ವಾ?"

ಸರಿಯಾಗಿ ಆಗಲೇ ಎದ್ಮೊಂ ಗೂಟಗಳ ಚೀಲ ಹಿಡಿದು ತೊಳೆಯಲು ಬಂದರು. ಮಾತಿನ ಕೊನೆ ಅವರ ಕಿವಿಗೆ ಬಿದ್ದಿತ್ತು.

"ಎಂಥ ಗೂಟ?"

"ಬಟ್ಟಲು ಮುರಿದ ಸೌಟಿನ ಹಿಡಿ. ಶಾಲೆಯಿಂದ ತಂದಿದ್ದು. ಮೇಲೊಂದು ತೂತು."

ಎದ್ಮೊಂ ಚೀಲವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಅದರ ಬಾಯಿಗೆ ಕೈ ಹಾಕಿ, ಕೆಳಗೆಲ್ಲೋ ತಡಕಿ, ಉದ್ದನೆಯ ಅಲ್ಯೂಮಿನಿಯಮ್ ಸಲಾಕೆಯೊಂದನ್ನು ಎಳೆದು ತೆಗೆದರು.

ಈ ಸಲಾಕೆಯನ್ನು ಕ್ಯಾಂಪಿನಲ್ಲಿ ಅರಿಯದವರಿಲ್ಲ. ಹೋದ ವರ್ಷ ಮನೆಗೆ ಹೋಗಿ ಎಣಿಸಿದಾಗ ಗೂಟ ಒಂದು ಹೆಚ್ಚಿತ್ತಂತೆ. ಯಾರದೋ ಸೊತ್ತು ತಮ್ಮ ಚೀಲಕ್ಕೆ ಸೇರಿದೆಯೆಂದು ಅವರು ಚಳಿಗಾಲವೆಲ್ಲ ಕೊರಗಿ, ಈ ಜುಲೈ ಮೊದಲ ವಾರ ಒಂದೊಂದೇ ಟೆಂಟಿಗೆ ಹೋಗಿ ವಿಚಾರಿಸಿದ್ದರು. ಇಷ್ಟು ಒಳ್ಳೆಯ ಸಾಮಾನು ಡಚ್ಚರದೇ ಇರಬೇಕೆಂದು ಡಚ್ಚರನ್ನೆಲ್ಲ ಎರಡೆರಡು ಸಲ ಕೇಳಿದ್ದರು.

"ಕತ್ತಲಲ್ಲಿ ಕಿತ್ತೆ," ಎಂದರು ಎದ್ಮೊಂ. "ಗಟ್ಟಿಯಾಗಿ ಕೂತಿತ್ತು. ಯಾರೋ ಚೆನ್ನಾಗಿ ಹೊಡೆದಿದ್ದಾರೆ ಅಂದ್ಕೊಂಡೆ."

"ಪಟ್ಟಿ?"

"ಕೊಳಕು ಬಟ್ಟೆ ಸುತ್ಕೊಂಡಿತ್ತು. ಬಿಸಾಕಿದೆ."

"ನಿನ್ನ ಗೂಟ ಯಾವುದು ಅಂತ ನಿನಗೇ ಗೊತ್ತಾಗಲ್ವಾ, ದೊಡ್ಡ ಕುಂಬಳಕಾಯಿ!"

"ಅಡುಗೆಮನೆಯ ಸೌಟು ನೆಲದಲ್ಲಿ ನೆಟ್ಟಿರುತ್ತೆ ಅಂತ ಯಾವ ಗಂಡಸಿಗೆ ಹೊಳೆಯುತ್ತೆ, ಗಿಲೇನ್?"

ಪಕ್ಕದ ನಲ್ಲಿಯಲ್ಲಿ ಬಟ್ಟಲು ತೊಳೆಯುತ್ತಿದ್ದ ಬೆಲ್ಜಿಯಂನ ಗಂಡಸೊಬ್ಬ ಬಟ್ಟಲು ಮರೆತು ಇವರನ್ನೇ ನೋಡುತ್ತಿದ್ದ. ಗಿಲೇನ್ ಯಾವುದನ್ನೂ ಗಮನಿಸಲಿಲ್ಲ.

"ನಾಳೆ ನಾನು ಬೆಳಗ್ಗೆ ಹೊರಡಲ್ಲ," ಎಂದರು. "ಅವಳು ಬರೋವರೆಗೆ ಇರ್ತೀನಿ. ನೋಡಿ, ಹೇಳಿ, ಆಮೇಲೆ ಹೊರಡ್ತೀನಿ."

ಎದ್ಮೊಂ ಮುಖ ನಿಜಕ್ಕೂ ಬಿಳಿಚಿಕೊಂಡಿತು. "ನಾಳೆ ಕಪ್ಪು ಶನಿವಾರ."

"ಗೊತ್ತು."

"ಒಂದು ಸಾಲು ಬರೆದಿಡು. ಇವರ ಕೈಲಿ ಕೊಡು."

"ಇಪ್ಪತ್ತು ವರ್ಷ ಬರೆಯದೇ ಇದ್ದೋಳು ಈಗ ಬರೆದ್ರೆ ಗ್ಯಾಸ್ ಕಂಪನಿ ನೋಟೀಸ್ ಥರ ಇರುತ್ತೆ."

ನಾನೇ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು. "ಬೇಡ ಪುಟ್ಟಿ. ನೀನು ಹೇಳಿದ್ರೆ ನಗ್ತಾರೆ, ಅಷ್ಟೇ. ನಗೋದು ಬೇರೆ, ಮತ್ತೆ ಪೆಟ್ಟಿಗೆ ತೆರೆಯೋದು ಬೇರೆ. ಅವಳು ಜಾಮ್ ಸೀಸೆ ಕೈಲಿ ಹಿಡ್ಕೊಂಡು, ಇಡ್ಲಾ ಬೇಡ್ವಾ ಅಂತ ಯೋಚಿಸಿರ್ತಾಳೆ. ನಾನಾಗಿದ್ರೆ ಯೋಚಿಸ್ತಿದ್ದೆ. ಮುಖ ನೋಡಿ ಹೇಳ್ದೆ ಇದ್ರೆ ಇದು ಇಲ್ಲಿಗೆ ಮುಗಿಯುತ್ತೆ."

ಎದ್ಮೊಂ ನಲ್ಲಿ ತಿರುಗಿಸಿ ಆ ಸೌಟಿನ ಹಿಡಿಯನ್ನು ಉಜ್ಜಿ ತೊಳೆದರು. ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಹೆಂಡತಿಯ ಕೈಗೆ ಕೊಟ್ಟರು.

"ಕಿತ್ತವನು ನಾನು," ಎಂದರು. "ಎರಡು ಗಂಟೆಗೆ ಬರ್ದೇ ಇದ್ರೆ ಮಾತ್ರ ಹೊರಟೆ."

ಶನಿವಾರ ಅಕ್ರೋಟು ಮರದ ಕೆಳಗಿನ ದೃಶ್ಯವನ್ನು ಕ್ಯಾಂಪಿನ ಹಳಬರು ನಂಬಲಿಲ್ಲ. ಸೂರ್ಯ ಮೇಲೇರಿದರೂ ದೆಲನ್ವಾ ವ್ಯಾನು ಅಲ್ಲೇ ಇತ್ತು. ಟೆಂಟು ಮಡಚಿ ಕಟ್ಟಿ, ಕುರ್ಚಿಗಳನ್ನು ಛಾವಣಿಗೇರಿಸಿ, ನಾನು ಗುಡಿಸುವ ಕಷ್ಟವೂ ಇಲ್ಲದಂತೆ ಎಲೆಯನ್ನೆಲ್ಲ ಅವರೇ ಎಳೆದು, ಆರು ಜನ ಜಾಗದ ಗಡಿಯಾಚೆ ದಾರಿಯ ಬದಿಯಲ್ಲಿ ಕಾಯುತ್ತಿದ್ದರು. ಹನ್ನೆರಡರ ನಂತರ ಆ ಜಾಗ ತಮ್ಮದಲ್ಲವೆಂದು ಗಿಲೇನ್ ಮೊಮ್ಮಕ್ಕಳನ್ನೂ ಹುಲ್ಲಿನ ಮೇಲೆ ಕಾಲಿಡಗೊಡಲಿಲ್ಲ. ಹೋಗಿ ಬರುವವರೆಲ್ಲ ಒಂದೊಂದು ಮಾತು ಎಸೆದರು. "ಏನು ಎದ್ಮೊಂ, ಅಲಾರಂ ಹೊಡೀಲಿಲ್ವಾ?" "ವ್ಯಾನು ಸತ್ತುಹೋಯ್ತಾ?" "ಆಗಸ್ಟಿನವನಾಗಿ ಮತಾಂತರ ಆದ್ಯಾ?" ಎದ್ಮೊಂ ಚಾಲಕನ ಸೀಟಿನಲ್ಲಿ ಬಾಗಿಲು ತೆರೆದಿಟ್ಟು ರೇಡಿಯೊ ಕೇಳುತ್ತಿದ್ದರು. ಸಾಲುಗಟ್ಟಿದ ವಾಹನಗಳ ಉದ್ದ ಪ್ರತಿ ಸುದ್ದಿಗೂ ಬೆಳೆಯುತ್ತಿತ್ತು. ಅವರು ಅದನ್ನು ಹವಾಮಾನ ಕೇಳುವ ನಾವಿಕನಂತೆ ಕೇಳಿದರು.

ಗಿಲೇನ್ ಸ್ವಚ್ಛ ಅಂಗಿ ತೊಟ್ಟು ಬಾಚಿಕೊಂಡು ಕುಳಿತಿದ್ದರು. "ಹೇಗಿದ್ದಾಳೆ ಅವಳು? ಬೇಡ, ಹೇಳ್ಬೇಡ. ದಪ್ಪಗಿದ್ದಾಳೆ ಅಲ್ವಾ? ಅಂಥ ಜಾಮ್ ಮಾಡೋರು ದಪ್ಪಗಿರ್ತಾರೆ. ಬೇಡ, ಹೇಳ್ಬೇಡ ಅಂದ್ನಲ್ಲ."

ಎರಡಾಯಿತು. ಎದ್ಮೊಂ ಗಡಿಯಾರ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. "ನನ್ನದು ಸ್ವಲ್ಪ ಮುಂದಿರುತ್ತೆ," ಎಂದು ಅದರ ಮೇಲೆ ಅಂಗಿಯ ತೋಳು ಎಳೆದುಕೊಂಡರು. ರೈಲ್ವೆಯ ಆ ಗಡಿಯಾರ ಮುಂದೆ ಹೋದದ್ದನ್ನು ಯಾರೂ ಕಂಡಿಲ್ಲ. ಸಾಂದ್ರಿನ್ ತಾಯಿಯ ಕಡೆ ನೋಡಿ ಹುಬ್ಬೇರಿಸಿದಳು.

ಮೂರು ಹೊಡೆಯುವ ಹೊತ್ತಿಗೆ ಗೇಟಿನಲ್ಲಿ ಕಾರವಾನ್ ಎಳೆದುಕೊಂಡ ಬೂದು ಕಾರೊಂದು ಕಾಣಿಸಿತು. ನಡೆಸುತ್ತಿದ್ದವನು ಪೆಯೋ ಎತ್ಶೆಗರೆ, ಪಕ್ಕದಲ್ಲಿ ಅವನ ಹೆಂಡತಿ ಮೈತೆ. ಹಿಂದೆ ಇನ್ನೊಂದು ಕಾರಿನಲ್ಲಿ ಅವರ ಮಗ, ಸೊಸೆ, ಕೂಸು.

ಕಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸುವುದು ಕ್ಯಾಂಪಿನಲ್ಲಿ ಎಲ್ಲರಿಗೂ ಮನರಂಜನೆ. ಜನ ಕುರ್ಚಿ ತಿರುಗಿಸಿಕೊಂಡು ನೋಡುತ್ತಾರೆ. ಪೆಯೋ ಎರಡು ಸಲ ಮರದ ಕಡೆಗೇ ಹೋದ. ಎದ್ಮೊಂಗೆ ತಡೆಯಲಾಗಲಿಲ್ಲ. ವ್ಯಾನಿನಿಂದ ಇಳಿದು ದಾರಿಯ ನಡುವೆ ನಿಂತು, ಎರಡೂ ತೋಳು ಚಾಚಿ, ಗೂಡ್ಸ್ ಬಂಡಿಗಳನ್ನು ಜೋಡಿಸುವವರ ಸನ್ನೆಗಳನ್ನು ಶುರುಮಾಡಿದರು. ಪೆಯೋ ಕನ್ನಡಿಯಲ್ಲಿ ಆ ಸನ್ನೆಗಳನ್ನೇ ನೋಡುತ್ತ ಬಂದ. ಕಾರವಾನ್ ಮರದಿಂದ ಒಂದು ಗೇಣು ದೂರದಲ್ಲಿ ನಿಂತಿತು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು.

ಮೈತೆ ಇಳಿದಳು. ಸಣ್ಣ ಆಳು, ಸಿಪ್ಪೆ ಸುಲಿದ ಕೋಲಿನಂತೆ ತೆಳ್ಳಗೆ. ಆದರೆ ಬಯೋನ್ ಮಾರುಕಟ್ಟೆಯಲ್ಲಿ ಮೀನು ಮಾರುವ ಆಕೆಯ ಗಂಟಲು ಇಡೀ ಕ್ಯಾಂಪಿಗೆ ಸಾಕು. ದಾರಿಬದಿಯಲ್ಲಿ ಸಾಲಾಗಿ ನಿಂತ ಆರು ಜನರನ್ನು ನೋಡಿ, ವ್ಯಾನಿನ ಮೇಲಿದ್ದ ಸ್ಟೂಲನ್ನು ನೋಡಿದಳು. ಅದರ ಕಾಲು ಸರಿಮಾಡಿದವನು ಅವಳ ಗಂಡ.

"ನೀವು ಜುಲೈ," ಎಂದಳು.

"ನೀವು ಆಗಸ್ಟ್," ಎಂದರು ಗಿಲೇನ್.

ಇಬ್ಬರೂ ತಮ್ಮ ತಮ್ಮ ಅಂಗಿ ಸರಿಮಾಡಿಕೊಂಡರು. ನಾನು ಪ್ರಾರಂಭಿಸಿಕೊಡಬೇಕೇ ಎಂದು ಯೋಚಿಸುತ್ತಿರುವಾಗ ಗಿಲೇನ್ ತಿಂಗಳಿಡೀ ತಡೆದದ್ದನ್ನೆಲ್ಲ ಒಂದೇ ಉಸಿರಿಗೆ ಬಿಟ್ಟರು.

"ಚೀಸ್ ಇಟ್ಟಿದ್ದೆ. ಹೋದ ವರ್ಷ. ಇಟ್ಟೇ ಇದ್ದೆ. ನಿಮ್ಮ ಕೆಳಗೆ."

"ನಮ್ಮ ಕೆಳಗಾ?"

"ನೆಲದಲ್ಲಿ. ಗೂಟ ನೆಟ್ಟಿದ್ದೆ. ಈ ಮಹಾನುಭಾವ ಕಿತ್ತುಕೊಂಡು ಹೋದ."

ಎದ್ಮೊಂ ಟೋಪಿ ತೆಗೆದು ತಪ್ಪೊಪ್ಪಿಕೊಂಡರು. ಮೈತೆ ಒಂದು ಕ್ಷಣ ಯೋಚಿಸಿದಳು. ಆಮೇಲೆ ಹಿಂದಕ್ಕೆ ತಿರುಗಿ ಮಾರುಕಟ್ಟೆಯ ದನಿ ತೆಗೆದಳು.

"ಪೆಯೋ! ಏ ಪೆಯೋ! ನಿನ್ನ ಬೂಟ್ಸ್ ಅಲ್ಲವಂತೆ ಕಣೋ!"

"ನಾನು ಹೇಳಿರ್ಲಿಲ್ವಾ!" ಎಂದು ಪೆಯೋ ಕಾರಿನ ಆಚೆಯಿಂದ ಕೂಗಿದ. "ಎರಡು ವಾರ ಹೇಳಿದೆ!"

"ಚರಂಡಿ ಸರಿ ಇದೆ ಅಂದ್ಮೇಲೆ ಆ ನಾತ ಇವನ ಬೂಟ್ಸಿಂದೇ ಅಂತ ಎರಡು ವಾರ ಅದನ್ನ ನದಿ ದಡದ ಮರಕ್ಕೆ ನೇತುಹಾಕಿದ್ದೆ," ಎಂದು ಮೈತೆ ಗಿಲೇನ್‌ಗೆ ವಿವರಿಸಿದಳು. "ರಾತ್ರಿ ಇವನನ್ನೂ ಹೊರಗೇ ಮಲಗಿಸಿದೆ, ಪಾಪ."

"ನೋಡಿ, ನಿಮ್ಮಿಂದಾಗಿ ಸೊಳ್ಳೆ ನನ್ನನ್ನ ತಿಂದು ಹಾಕ್ತು," ಎಂದು ಪೆಯೋ ಎದ್ಮೊಂ ಕೈ ಕುಲುಕಿದ. "ಒಂದು ಲೋಟ ಬಿಯರಿನ ಸಾಲ ನಿಮ್ಮ ಮೇಲೆ."

ಸಲಿಕೆ ತಂದುಕೊಟ್ಟವಳು ನಾನೇ. ಗಿಲೇನ್ ಮರದಿಂದ ಉತ್ತರಕ್ಕೆ ಮೂರು ಹೆಜ್ಜೆ ಹಾಕಿ ನಿಂತರು, ಪೆಯೋ ಅಗೆದ. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಮೇಲೆ ಬಂತು. ಸುತ್ತ ನಿಂತವರು ಹಿಂದೆ ಸರಿದರು. ಮೈತೆ ಮಾತ್ರ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಿ, ಮೂವತ್ತು ವರ್ಷ ಮೀನು ಮೂಸಿದ ಮೂಗನ್ನು ಅದರೊಳಗೆ ತೂರಿಸಿದಳು. ಒಳಗಿದ್ದದ್ದು ಒಂದು ಹಿಡಿ ಕಪ್ಪು ಪುಡಿ, ಅಷ್ಟೆ.

"ಕೆಟ್ಟಿಲ್ಲ," ಎಂದು ತೀರ್ಪು ಕೊಟ್ಟಳು. "ಕೆಡೋದೆಲ್ಲ ಮುಗಿದು ಎಷ್ಟೋ ಕಾಲ ಆಗಿದೆ."

ಆಗ ಗಿಲೇನ್ ನಕ್ಕರು. ತಿಂಗಳಿಂದ ಕೂಡಿಟ್ಟ ನಗು; ಕಣ್ಣೊರೆಸಿಕೊಳ್ಳುವಷ್ಟು. ನಕ್ಕು ಮುಗಿಸಿ ಮೆಲ್ಲಗೆ ಕೇಳಿದರು: "ಮತ್ತೆ ಪೆಟ್ಟಿಗೇಲಿ...?"

ಮೈತೆ ಡಬ್ಬಿ ಕೆಳಗಿಟ್ಟಳು. "ಸೀಸೆ ತಂದಿದ್ದೆ. ಪೆಟ್ಟಿಗೆ ಮುಂದೆ ನಿಂತೆ. ಇವರಿಗೆ ಬೇಡವಾಗಿದ್ರೆ? ಮುಲಾಜಿಗೆ ಬಿದ್ದು ಮತ್ತೆ ಏನಾದ್ರೂ ಇಡ್ಬೇಕಾಗುತ್ತಲ್ಲ ಪಾಪ, ಅಂತ ವಾಪಸ್ ತಗೊಂಡು ಹೋದೆ. ತೆರೆಯೋಕೂ ಮನಸ್ಸಾಗ್ಲಿಲ್ಲ." ಕಾರವಾನಿಗೆ ಹತ್ತಿ, ಬೀರು ತೆರೆದು, ಕರಿ ಚೆರ್ರಿ ಜಾಮಿನ ಎರಡು ಸೀಸೆಗಳನ್ನೂ ಒಂದು ಮೆಣಸಿನಕಾಯಿ ಸರವನ್ನೂ ಹಿಡಿದು ಇಳಿದಳು. "ಒಂದು ಹೋದ ವರ್ಷದ್ದು. ಇನ್ನೊಂದು ಈ ವರ್ಷದ್ದು. ಯಾಕೆ ಮಾಡಿದೆ ಅಂತ ಕೇಳ್ಬೇಡಿ."

ಗಿಲೇನ್ ಕೇಳಲಿಲ್ಲ. ಸರವನ್ನು ಕೊರಳಿಗೆ ಹಾಕಿಕೊಂಡು, ಎರಡು ಸೀಸೆಯನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ನಿಂತರು. ಕೈ ಕುಲುಕಲು ಕೈಯೇ ಉಳಿಯದೆ ಮೈತೆಯ ಎರಡು ಕೆನ್ನೆಗೂ ಮುತ್ತಿಟ್ಟರು. ಉತ್ತರದವರ ರೂಢಿಯಂತೆ ಮತ್ತೆ ಎರಡು.

"ಸರಿ," ಎಂದರು. "ಇನ್ನು ಹೊರಡ್ತೀವಿ."

"ಎಲ್ಲಿಗೆ?" ಎಂದು ಮೈತೆ ಕೇಳಿದಳು.

"ಮನೆಗೆ."

"ಈಗಾ? ರೇಡಿಯೊ ಕೇಳಿದ್ರಾ? ನಾವು ಬರೋವಾಗ ನೋಡಿದ್ವಿ, ಎದುರಿನ ಸಾಲಲ್ಲಿ ಜನ ಇಳಿದು ಚಾಪೆ ಹಾಸಿದ್ರು."

ಎದ್ಮೊಂ ಕಣ್ಣು ಮುಚ್ಚಿಕೊಂಡರು. ಕ್ಯಾಂಪು ತುಂಬಿದೆ, ಒಂದೇ ಒಂದು ಜಾಗವೂ ಖಾಲಿಯಿಲ್ಲ ಎಂದು ನಾನು ಹೇಳಬೇಕಾಯಿತು. ಅದು ನಿಜವಾಗಿತ್ತು.

"ಯಾರು ಕೇಳಿದ್ರು ಬೇರೆ ಜಾಗ?" ಎಂದಳು ಮೈತೆ. "ಮರ ಒಂದೇ, ನೆರಳು ದೊಡ್ಡದು. ಆ ಕಡೆ ನಿಮ್ಮ ಟೆಂಟು, ಈ ಕಡೆ ನಮ್ಮ ಕಾರವಾನು. ನನ್ನ ಹತ್ರ ಟ್ಯೂನ ಮೀನಿದೆ, ಬೆಳಗ್ಗೆ ಕೊಯ್ದಿದ್ದು. ನಿಮ್ಮ ಹತ್ರ ಏನಿದೆ?"

"ಆಲೂಗಡ್ಡೆ," ಎಂದರು ಗಿಲೇನ್. "ಮತ್ತೆ ಬಿಯರು."

"ಸಾಕಲ್ಲ."

ಎದ್ಮೊಂ ವ್ಯಾನಿನ ಹಿಂಬಾಗಿಲು ತೆರೆದರು. ಕಟ್ಟಿದ್ದನ್ನೆಲ್ಲ ಬಿಚ್ಚಿ, ಗೂಟಗಳ ಚೀಲ ಹೊರತೆಗೆದು, ಈ ಸಲ ಪೆಯೋನ ಕೈಗೂ ಒಂದು ಸುತ್ತಿಗೆ ಕೊಟ್ಟರು. ತಮ್ಮ ಗೂಟಗಳನ್ನು ಬೇರೆಯವರು ಹೊಡೆಯುವುದನ್ನು ಅವರು ಕೈಕಟ್ಟಿ ನೋಡಿದ್ದು ಅದೇ ಮೊದಲು. "ಇನ್ನೂ ಸ್ವಲ್ಪ ಓರೆ ಹಿಡಿ," ಎಂದು ಎರಡು ಸಲ ಹೇಳಿದರು, ಅಷ್ಟೇ. ಮೊಮ್ಮಕ್ಕಳು ಆ ಹೊತ್ತಿಗಾಗಲೇ ನದಿಯಲ್ಲಿದ್ದರು. ಆಗಸ್ಟಿನ ನೀರು ಎಷ್ಟು ಬೆಚ್ಚಗಿದೆ ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಸಂಜೆ ಮೀನು ಸುಟ್ಟರು, ಆಲೂಗಡ್ಡೆ ಕರಿದರು, ಮೆಣಸಿನಕಾಯಿ ಎರಡಕ್ಕೂ ಬಿತ್ತು. ನನಗೂ ಒಂದು ತಟ್ಟೆ ಬಂತು.

ಪುರಸಭೆಯ ನಿಯಮದ ಪ್ರಕಾರ ಒಂದು ಜಾಗದಲ್ಲಿ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಅದನ್ನು ನಾನು ಆ ರಾತ್ರಿ ನೆನಪಿಸಲು ಹೋಗಲಿಲ್ಲ. ಆದರೆ ಭಾನುವಾರ ಬೆಳಗ್ಗೆ ಕ್ಯಾಂಪಿನ ಹೊಣೆ ಹೊತ್ತಿರುವ ಪುರಸಭಾ ಸದಸ್ಯ ಬ್ರಿಸ್ಸಾಕ್ ಅವರು ಚರ್ಚಿಗೆ ಹೋಗುವ ಮೊದಲು ಒಂದು ಸುತ್ತು ಹಾಕಲು ಬಂದರು. ಒಳ್ಳೆಯ ಮನುಷ್ಯ, ನಿಯಮವೆಂದರೆ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರು. ಅಕ್ರೋಟು ಮರದ ಬಳಿ ಬಂದವರೇ ನಿಂತರು. ಒಂದು ಕಡೆ ಕಾರವಾನ್, ಇನ್ನೊಂದು ಕಡೆ ಟೆಂಟು. ನಡುವೆ ಎರಡು ಮೇಜುಗಳನ್ನು ಕೂಡಿಸಿದ್ದ ಉದ್ದನೆಯ ಪಂಕ್ತಿ. ಕಾಫಿ, ಬ್ರೆಡ್ಡು, ತೆರೆದ ಜಾಮಿನ ಸೀಸೆ.

ಬ್ರಿಸ್ಸಾಕ್ ಕೆಮ್ಮಿದರು. "ಶುಭೋದಯ, ಮಾಡಮ್. ಈ ಜಾಗದಲ್ಲಿ ನೀವು ಒಟ್ಟು ಎಷ್ಟು ಜನ ಇದ್ದೀರಿ, ಕೇಳಬಹುದೇ?"

ಅವರ ಬೆನ್ನ ಹಿಂದಿನಿಂದ ನಾನು ಒಂದು ಕೈಯ ಐದು ಬೆರಳನ್ನೂ ಇನ್ನೊಂದು ಕೈಯ ಹೆಬ್ಬೆರಳನ್ನೂ ಎತ್ತಿ ತೋರಿಸಿದೆ. ಗಿಲೇನ್ ನನ್ನ ಬೆರಳುಗಳನ್ನು ನೋಡಿದರು. ಆಮೇಲೆ ಮೇಜಿನ ಕಡೆ ತಿರುಗಿದರು. ಎದ್ಮೊಂ ಪೆಯೋಗೆ ಯಾವುದೋ ಸಿಗ್ನಲಿನ ಚಿತ್ರವನ್ನು ಮೇಜಿನ ಮೇಲೆ ಬ್ರೆಡ್ಡಿನ ಚೂರುಗಳಿಂದ ಮಾಡಿ ತೋರಿಸುತ್ತಿದ್ದರು. ಮೊಮ್ಮಕ್ಕಳ ಮೂತಿಯೆಲ್ಲ ಚೆರ್ರಿಯ ಕಪ್ಪು. ಸಾಂದ್ರಿನ್ ತೊಡೆಯ ಮೇಲೆ ಬಾಸ್ಕರ ಕೂಸು ಮಲಗಿತ್ತು. ಮೈತೆ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿ, ಚಾಕು ಹಿಡಿದೇ, ಉತ್ತರವನ್ನು ಕಾಯುತ್ತಿದ್ದಳು.

ಗಿಲೇನ್ ಬಾಯಲ್ಲಿದ್ದದ್ದನ್ನು ನುಂಗಿದರು. ನೆಟ್ಟಗೆ ಕುಳಿತು, ಆಚೆ ಸಾಲಿನವರಿಗೂ ಕೇಳುವಂತೆ ಹೇಳಿದರು:

"ಹನ್ನೊಂದು."